ಬೀದಿಯ ಬೆಕ್ಕು, ಶ್ರಾವಕನ ಮನೆ

ಗೋಶಾಲೆಗಳನ್ನು ಕಟ್ಟಿಸುವ, ಪಾರಿವಾಳಗಳಿಗೆ ಕಾಳು ಹಾಕಿಸುವ ಸಮಾಜದಲ್ಲಿಯೂ ಬೆಕ್ಕಿನ ಸ್ಥಾನ ಸಂದಿಗ್ಧವಾದದ್ದು. ಅದು ಇಲಿಯನ್ನೂ ಹಕ್ಕಿಯನ್ನೂ ಕೊಲ್ಲುವ ಜೀವಿ. ಆದರೆ ಯಾರೂ ಕರೆಯದೆ ತಾನಾಗಿಯೇ ಮನುಷ್ಯನ ಹೊಸ್ತಿಲಿಗೆ ಬಂದು ನಿಂತ ಪ್ರಾಣಿಯೂ ಅದೇ. ಮಳೆಗಾಲದ ರಾತ್ರಿ ಬಾಗಿಲ ಬಳಿ ಕೂಗುವ ಬೀದಿಯ ಮರಿಯನ್ನು ಒಳಗೆ ಕರೆದುಕೊಳ್ಳಬೇಕೆ, ಕರೆದುಕೊಂಡ ಮೇಲೆ ಅದಕ್ಕೆ ಏನನ್ನು ಉಣಿಸಬೇಕು, ಅದನ್ನು ಒಳಗೇ ಇರಿಸಿಕೊಳ್ಳುವುದು ದಯೆಯೋ ಬಂಧನವೋ ಎಂಬ ಪ್ರಶ್ನೆಗಳು ಅನೇಕ ಶ್ರಾವಕ ಕುಟುಂಬಗಳ ಮುಂದಿವೆ. ಉತ್ತರವನ್ನು ಹುಡುಕುವ ಮೊದಲು ಬೆಕ್ಕು ಮನೆಯೊಳಗೆ ಬಂದ ಇತಿಹಾಸವನ್ನೂ, ಅದರ ಬಗ್ಗೆ ನಮ್ಮ ಆಚಾರ್ಯರು ಹೇಳಿದ್ದನ್ನೂ ತಿಳಿಯುವುದು ಉಚಿತ.

ಕಣಜದ ಬಳಿಯ ಅತಿಥಿ

ಹಸು, ಕುರಿ, ಕುದುರೆಗಳನ್ನು ಮನುಷ್ಯನು ತನ್ನ ಪ್ರಯೋಜನಕ್ಕಾಗಿ ಹಿಡಿದು ಪಳಗಿಸಿದನು. ಬೆಕ್ಕಿನ ಕಥೆ ಬೇರೆ. ಪಶ್ಚಿಮ ಏಷ್ಯಾದಲ್ಲಿ ಬೇಸಾಯ ಆರಂಭವಾಗಿ ಧಾನ್ಯದ ಸಂಗ್ರಹ ಬೆಳೆದಾಗ ಇಲಿಗಳು ಬಂದವು. ಇಲಿಗಳನ್ನು ಹಿಂಬಾಲಿಸಿ ಕಾಡುಬೆಕ್ಕು ಬಂದಿತು. 979 ಸಾಕುಬೆಕ್ಕು ಮತ್ತು ಕಾಡುಬೆಕ್ಕುಗಳ ವಂಶವಾಹಿಗಳನ್ನು ಪರೀಕ್ಷಿಸಿ 2007ರಲ್ಲಿ ಪ್ರಕಟವಾದ ಅಧ್ಯಯನವೊಂದು, ಇಂದಿನ ಸಾಕುಬೆಕ್ಕುಗಳೆಲ್ಲವೂ ಉತ್ತರ ಆಫ್ರಿಕ ಮತ್ತು ಪಶ್ಚಿಮ ಏಷ್ಯಾಗಳ ಕಾಡುಬೆಕ್ಕಿನ ಒಂದೇ ಪ್ರಭೇದದಿಂದ ಬಂದವುಗಳೆಂದು ತೋರಿಸಿತು. ಸೈಪ್ರಸ್ ದ್ವೀಪದ ಶಿಲ್ಲೂರೊಕಾಂಬೊಸ್ ಎಂಬಲ್ಲಿ ಸುಮಾರು 9,500 ವರ್ಷಗಳ ಹಿಂದಿನ ಸಮಾಧಿಯೊಂದು ದೊರೆತಿದೆ. ಅದರಲ್ಲಿ ಮನುಷ್ಯನ ಅಸ್ಥಿಗಳಿಂದ ಕೇವಲ 40 ಸೆಂಟಿಮೀಟರ್ ದೂರದಲ್ಲಿ ಸುಮಾರು ಎಂಟು ತಿಂಗಳ ಬೆಕ್ಕಿನ ಅಸ್ಥಿಪಂಜರವಿತ್ತು. ಆ ದ್ವೀಪದಲ್ಲಿ ಸ್ವಭಾವತಃ ಬೆಕ್ಕುಗಳಿರಲಿಲ್ಲವಾದ್ದರಿಂದ, ಜನರೇ ದೋಣಿಯಲ್ಲಿ ಅದನ್ನು ಕೊಂಡೊಯ್ದಿರಬೇಕೆಂದು ವಿದ್ವಾಂಸರು ನಿರ್ಣಯಿಸಿದ್ದಾರೆ. 2004ರಲ್ಲಿ ಪ್ರಕಟವಾದ ಈ ಶೋಧನೆ ಮನುಷ್ಯ ಮತ್ತು ಬೆಕ್ಕುಗಳ ನಂಟು ಎಷ್ಟು ಹಳೆಯದೆಂಬುದಕ್ಕೆ ಸಾಕ್ಷಿಯಾಗಿದೆ.

ಈಜಿಪ್ಟಿನಲ್ಲಿ ಬೆಕ್ಕು ದೇವತೆಯ ಪದವಿಗೇರಿತು. ಮನೆಯ ಬೆಕ್ಕು ಸತ್ತರೆ ಮನೆಯವರೆಲ್ಲರೂ ಹುಬ್ಬು ಬೋಳಿಸಿಕೊಳ್ಳುತ್ತಿದ್ದರೆಂದು ಕ್ರಿಸ್ತಪೂರ್ವ 5ನೆಯ ಶತಮಾನದ ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಬರೆದಿದ್ದಾನೆ. ಆದರೆ ಅದೇ ನಾಡಿನಲ್ಲಿ, ನಂತರದ ಕಾಲದಲ್ಲಿ, ಬಾಸ್ಟೆಟ್ ದೇವಿಗೆ ಹರಕೆಯಾಗಿ ಒಪ್ಪಿಸಲು ಲಕ್ಷಾಂತರ ಬೆಕ್ಕುಗಳ ಶವಗಳನ್ನು ಬಟ್ಟೆ ಸುತ್ತಿ ಸಿದ್ಧಪಡಿಸಲಾಯಿತು. ಅವುಗಳಲ್ಲಿ ಅನೇಕವು ಎಳೆಯ ಬೆಕ್ಕುಗಳೆಂದೂ, ಕುತ್ತಿಗೆ ಮುರಿದು ಕೊಲ್ಲಲ್ಪಟ್ಟವೆಂದೂ ಕ್ಷಕಿರಣ ಪರೀಕ್ಷೆಗಳು ತಿಳಿಸಿವೆ. 1890ರಲ್ಲಿ ಇಂಥ ಸುಮಾರು 1,80,000 ಶವಗಳನ್ನು ಹಡಗಿನಲ್ಲಿ ಲಿವರ್‌ಪೂಲಿಗೆ ಸಾಗಿಸಿ ಹೊಲದ ಗೊಬ್ಬರವಾಗಿ ಮಾರಲಾಯಿತು. ಪ್ರಾಣಿಯನ್ನು ಪೂಜಿಸುವುದೂ ಪ್ರಾಣಿಯ ಮೇಲೆ ದಯೆ ತೋರುವುದೂ ಒಂದೇ ಅಲ್ಲವೆಂಬ ಪಾಠ ಇಲ್ಲಿದೆ.

ಭಾರತೀಯ ನೋಟ

ಸಿಂಧೂ ಕಣಿವೆಯ ಚನ್ಹುದಾರೊ ನೆಲೆಯಲ್ಲಿ ಸಿಕ್ಕಿದ ಇಟ್ಟಿಗೆಯೊಂದರ ಮೇಲೆ ಬೆಕ್ಕಿನ ಹೆಜ್ಜೆಗಳೂ ನಾಯಿಯ ಹೆಜ್ಜೆಗಳೂ ಮೂಡಿವೆ. ಇಟ್ಟಿಗೆ ಹಸಿಯಾಗಿದ್ದಾಗ ಅವೆರಡೂ ಅದರ ಮೇಲೆ ಹಾದುಹೋಗಿದ್ದವು. ಸಂಸ್ಕೃತದ ‘ಮಾರ್ಜಾರ’ ಎಂಬ ಹೆಸರು ಶುಚಿಗೊಳಿಸು ಎಂಬ ಅರ್ಥದ ಧಾತುವಿನಿಂದ ಬಂದದ್ದು. ಸದಾ ಮೈ ನೆಕ್ಕಿ ಶುದ್ಧವಾಗಿರುವ ಅದರ ಸ್ವಭಾವವನ್ನು ನಮ್ಮವರು ಗುರುತಿಸಿದ್ದರು. ಹಾಗೆಯೇ ಅದರ ಬೇಟೆಯ ಬುದ್ಧಿಯನ್ನೂ ಮರೆತಿರಲಿಲ್ಲ. ವ್ಯಾಕರಣಕಾರರು ಶಾಶ್ವತ ವೈರಕ್ಕೆ ಉದಾಹರಣೆಯಾಗಿ ಬೆಕ್ಕು ಮತ್ತು ಇಲಿಗಳ ಜೋಡಿಯನ್ನೇ ಕೊಟ್ಟರು. ಮಾಮಲ್ಲಪುರದ 7ನೆಯ ಶತಮಾನದ ಮಹಾಶಿಲ್ಪದಲ್ಲಿ ಹಿಂಗಾಲುಗಳ ಮೇಲೆ ನಿಂತು ತಪಸ್ಸಿನ ಸೋಗು ಹಾಕಿದ ಬೆಕ್ಕು, ಅದರ ಸುತ್ತ ನಂಬಿ ಬಂದ ಇಲಿಗಳು ಇಂದಿಗೂ ಕಾಣುತ್ತವೆ. ತೀರ್ಥಂಕರರ ಸಮವಸರಣದಲ್ಲಿ ಮಾತ್ರ ಜನ್ಮವೈರಿಗಳಾದ ಪ್ರಾಣಿಗಳು ವೈರವನ್ನು ಮರೆತು ಒಟ್ಟಿಗೆ ಕುಳಿತವೆಂಬುದು ಜೈನ ಪರಂಪರೆಯ ನಂಬಿಕೆ.

ವಿಜಯನಗರದ ತೆನಾಲಿ ರಾಮಕೃಷ್ಣನ ಹೆಸರಿನಲ್ಲಿ ಪ್ರಚಲಿತವಿರುವ ಜನಪದ ಕಥೆಯೊಂದು ಕನ್ನಡಿಗರಿಗೆಲ್ಲ ಪರಿಚಿತ. ಅರಸನು ಬೆಕ್ಕುಗಳನ್ನು ಹಂಚಿ ಹಾಲುಣಿಸಲು ಹಸುಗಳನ್ನೂ ಕೊಟ್ಟಾಗ, ರಾಮಕೃಷ್ಣನು ಮೊದಲ ದಿನವೇ ಸುಡುವ ಹಾಲನ್ನಿಟ್ಟನು. ಬಾಯಿ ಸುಟ್ಟುಕೊಂಡ ಬೆಕ್ಕು ಅಂದಿನಿಂದ ಹಾಲನ್ನು ಕಂಡರೇ ಓಡತೊಡಗಿತು. ಕೇಳುಗರು ರಾಮಕೃಷ್ಣನ ಜಾಣ್ಮೆಗೆ ನಗುತ್ತಾರೆ. ಬೆಕ್ಕಿನ ಕಡೆಯಿಂದ ನೋಡಿದರೆ ಈ ಕಥೆಯ ತಿರುಳು ಬೇರೆಯೇ ಆಗಿದೆ: ಒಮ್ಮೆ ಉಂಟಾದ ಭಯವನ್ನು ಆ ಜೀವಿ ಬಹುಕಾಲ ಮರೆಯುವುದಿಲ್ಲ. ಬೀದಿಯಲ್ಲಿ ಕಲ್ಲೇಟು ತಿಂದ ಬೆಕ್ಕನ್ನು ಮನೆಗೆ ತರುವವರು ಮೊದಲು ನೆನಪಿಡಬೇಕಾದದ್ದು ಇದನ್ನೇ.

ಶ್ರಾವಕಾಚಾರದ ಎಚ್ಚರಿಕೆ

ಜೈನ ಗ್ರಂಥಗಳು ಬೆಕ್ಕಿನ ಸಾಕಣೆಯ ಬಗ್ಗೆ ಮೌನವಾಗಿಲ್ಲ. ದಿಗಂಬರ ಪರಂಪರೆಯ ‘ಕಾರ್ತಿಕೇಯಾನುಪ್ರೇಕ್ಷಾ’ ಗ್ರಂಥವು ಅನರ್ಥದಂಡಗಳನ್ನು ವಿವರಿಸುವಾಗ, ಬೆಕ್ಕು ಮುಂತಾದ ಹಿಂಸಕ ಪ್ರಾಣಿಗಳನ್ನು ಇಟ್ಟುಕೊಳ್ಳುವುದನ್ನು ಆಯುಧಗಳ ಮಾರಾಟದೊಡನೆ ಸೇರಿಸಿ ನಾಲ್ಕನೆಯ ಅನರ್ಥದಂಡವೆಂದು ಎಣಿಸುತ್ತದೆ. 12ನೆಯ ಶತಮಾನದ ಶ್ವೇತಾಂಬರ ಆಚಾರ್ಯ ಹೇಮಚಂದ್ರರು ‘ಯೋಗಶಾಸ್ತ್ರ’ದಲ್ಲಿ ಗಿಳಿ, ಬೆಕ್ಕು, ನಾಯಿ, ಹುಂಜ ಮುಂತಾದವುಗಳನ್ನು ಹಣಕ್ಕಾಗಿ ಪೋಷಿಸುವುದನ್ನು ವರ್ಜ್ಯ ವೃತ್ತಿಗಳಲ್ಲಿ ಸೇರಿಸಿದ್ದಾರೆ.

ಹಾಗಾದರೆ ಬೀದಿಯ ಬೆಕ್ಕಿಗೆ ಆಶ್ರಯ ಕೊಡುವುದು ದೋಷವೆ? ಆಚಾರ್ಯರ ಮಾತಿನ ಸಂದರ್ಭವನ್ನು ಗಮನಿಸಬೇಕು. ಬೆಕ್ಕನ್ನು ಕತ್ತಿ ಕೊಡಲಿಗಳ ಸಾಲಿನಲ್ಲಿ ನಿಲ್ಲಿಸಿರುವುದು ಅದು ಹಿಂಸೆಯ ಉಪಕರಣವಾಗಿ ಬಳಕೆಯಾಗುತ್ತಿದ್ದುದರಿಂದ. ಇಲಿಯನ್ನು ತಾನು ಕೊಲ್ಲದೆ, ಕೊಲ್ಲುವುದಕ್ಕೆಂದೇ ಬೆಕ್ಕನ್ನು ಇಟ್ಟುಕೊಂಡು ‘ನಾನು ಹಿಂಸೆ ಮಾಡಲಿಲ್ಲ’ ಎನ್ನುವ ಗೃಹಸ್ಥನಿಗೆ ಈ ಎಚ್ಚರಿಕೆ ನೇರವಾಗಿ ತಾಗುತ್ತದೆ. ಹೇಮಚಂದ್ರರು ಹಣಕ್ಕಾಗಿ ಎಂಬ ಉದ್ದೇಶವನ್ನು ಸ್ಪಷ್ಟವಾಗಿಯೇ ಸೂಚಿಸಿದ್ದಾರೆ. ಗಾಯಗೊಂಡ, ಹಸಿದ, ತಾಯಿಯಿಲ್ಲದ ಜೀವವನ್ನು ಕಾಪಾಡುವುದು ಕರುಣಾದಾನದ ಕ್ಷೇತ್ರಕ್ಕೆ ಸೇರುತ್ತದೆ. ಆದರೂ ಎಚ್ಚರಿಕೆಯ ಬಲ ಕುಗ್ಗುವುದಿಲ್ಲ. ಸಾಕಿದ ಬೆಕ್ಕನ್ನು ರಾತ್ರಿ ಹೊರಗೆ ಬಿಟ್ಟು, ಅದು ಹಕ್ಕಿಗಳನ್ನು ಕೊಂದು ತಂದರೆ ‘ಅದರ ಸ್ವಭಾವ’ವೆಂದು ಸುಮ್ಮನಾಗುವುದು ಶ್ರಾವಕನಿಗೆ ಒಪ್ಪುವ ಮಾತಲ್ಲ. ಬೆಕ್ಕನ್ನು ಒಳಗೆ ಇರಿಸಿಕೊಳ್ಳುವುದರಿಂದ ರಸ್ತೆಯ ಅಪಾಯ ಅದಕ್ಕೆ ತಪ್ಪುತ್ತದೆ. ಅದರ ಬೇಟೆ ಹಕ್ಕಿಗಳಿಗೆ ತಪ್ಪುತ್ತದೆ. ಒಳಮನೆಯ ವಾಸಕ್ಕೆ ಇರುವ ಬಲವಾದ ನೈತಿಕ ಸಮರ್ಥನೆ ಇದು.

ಆಶ್ರಯದ ಪರಂಪರೆಯೂ ನಮ್ಮಲ್ಲಿ ಹಳೆಯದೇ. 1580ರ ದಶಕದಲ್ಲಿ ಭಾರತಕ್ಕೆ ಬಂದ ಇಂಗ್ಲಿಷ್ ವ್ಯಾಪಾರಿ ರಾಲ್ಫ್ ಫಿಚ್, ಗುಜರಾತಿನ ಖಂಭಾತ್ ಪಟ್ಟಣದಲ್ಲಿ ಕುಂಟುವ ನಾಯಿ ಬೆಕ್ಕುಗಳಿಗೂ ಹಕ್ಕಿಗಳಿಗೂ ಆಸ್ಪತ್ರೆಗಳಿದ್ದುದನ್ನು ದಾಖಲಿಸಿದ್ದಾನೆ. 1834ರಲ್ಲಿ ಮುಂಬಯಿಯ ಪಾಂಜರಾಪೋಳ ಸ್ಥಾಪನೆಯಾಯಿತು. ದೆಹಲಿಯ ಕೆಂಪುಕೋಟೆಯ ಎದುರಿನ ದಿಗಂಬರ ಜೈನ ಲಾಲ್ ಮಂದಿರದ ಪಕ್ಷಿಗಳ ಆಸ್ಪತ್ರೆಯಲ್ಲಿ ಮಾಂಸಾಹಾರಿ ಪಕ್ಷಿಗಳನ್ನು ಒಳರೋಗಿಗಳಾಗಿ ಸೇರಿಸಿಕೊಳ್ಳದಿದ್ದರೂ ಹೊರರೋಗಿಗಳಾಗಿ ಚಿಕಿತ್ಸೆ ಕೊಡುವ ಪದ್ಧತಿ ಪ್ರಸಿದ್ಧವಾಗಿದೆ. ವ್ರತವನ್ನು ಬಿಡದೆ, ಕರುಣೆಯನ್ನೂ ನಿರಾಕರಿಸದೆ ದಾರಿ ಹುಡುಕಬಹುದೆಂಬುದಕ್ಕೆ ಇದು ನಿದರ್ಶನ.

ಆಹಾರವೆಂಬ ಕಠಿಣ ಪ್ರಶ್ನೆ

ಬೆಕ್ಕಿನ ದೇಹರಚನೆ ನಾಯಿಯದಕ್ಕಿಂತ ಬೇರೆ. ಟಾರಿನ್ ಎಂಬ ಪೋಷಕಾಂಶವನ್ನು ಅದರ ದೇಹ ಸಾಕಷ್ಟು ತಯಾರಿಸಿಕೊಳ್ಳಲಾರದು. ಅದು ಸ್ವಾಭಾವಿಕವಾಗಿ ದೊರೆಯುವುದು ಪ್ರಾಣಿಜನ್ಯ ಆಹಾರದಲ್ಲಿ. ಇದರ ಕೊರತೆಯಿಂದ ಬೆಕ್ಕಿನ ಕಣ್ಣು ಕೆಡುತ್ತದೆ. ಹೃದಯವೂ ಹಿಗ್ಗಿ ದುರ್ಬಲವಾಗುತ್ತದೆಂದು 1987ರಲ್ಲಿ ಅಮೆರಿಕದ ಸಂಶೋಧಕರು ತೋರಿಸಿಕೊಟ್ಟರು. ಆ ಬಳಿಕ ಸಿದ್ಧ ಆಹಾರಗಳಲ್ಲಿ ಟಾರಿನ್ ಪ್ರಮಾಣವನ್ನು ಹೆಚ್ಚಿಸಲಾಯಿತು. ಹಾಲು ಅನ್ನಗಳಿಂದಲೇ ಬೆಕ್ಕು ಬದುಕುತ್ತದೆಂಬುದು ಹಳೆಯ ಭ್ರಮೆ. ಆ ಕಾಲದ ಬೆಕ್ಕು ಉಳಿದ ಆಹಾರವನ್ನು ಅಟ್ಟದ ಮೇಲೆಯೂ ಹಿತ್ತಿಲಲ್ಲಿಯೂ ತಾನೇ ಹಿಡಿದು ತಿನ್ನುತ್ತಿತ್ತು. ಬೆಳೆದ ಬೆಕ್ಕುಗಳಲ್ಲಿ ಅನೇಕಕ್ಕೆ ಹಸುವಿನ ಹಾಲು ಜೀರ್ಣವೂ ಆಗದು. ಕೃತಕ ಟಾರಿನ್ ಬೆರೆಸಿದ ಸಸ್ಯಾಹಾರಿ ಬೆಕ್ಕಿನ ಆಹಾರ ಕೆಲವು ದೇಶಗಳಲ್ಲಿ ತಯಾರಾಗುತ್ತಿದೆಯಾದರೂ, ಅದರ ಬಗ್ಗೆ ಪಶುವೈದ್ಯರಲ್ಲಿ ಒಮ್ಮತವಿಲ್ಲ.

ಆದ್ದರಿಂದ ಈ ನಿರ್ಧಾರವನ್ನು ಬೆಕ್ಕು ಮನೆಗೆ ಬರುವ ಮೊದಲೇ ಕುಟುಂಬದ ಹಿರಿಯರೆಲ್ಲ ಕುಳಿತು ಮಾಡಬೇಕು. ಮಾಂಸಾಂಶವಿರುವ ಆಹಾರವನ್ನು ಮನೆಗೆ ತರುವುದು ವ್ರತಕ್ಕೆ ಸಲ್ಲದೆಂದು ಭಾವಿಸುವ ಕುಟುಂಬವು ಆ ಜೀವಕ್ಕೆ ಚಿಕಿತ್ಸೆ ಮಾಡಿಸಿ, ಅದನ್ನು ಯೋಗ್ಯವಾದ ಮತ್ತೊಂದು ಮನೆಗೆ ಸೇರಿಸುವುದು ಪೂರ್ಣ ಗೌರವದ ಮಾರ್ಗ. ಒಳಗೆ ಕೂಡಿಹಾಕಿ, ಹೊರಗೆ ಬೇಟೆಯನ್ನೂ ತಪ್ಪಿಸಿ, ಬರಿಯ ಹಾಲನ್ನ ಕೊಟ್ಟು ನಿಧಾನವಾಗಿ ಕ್ಷೀಣಿಸಲು ಬಿಡುವುದು ಮಾತ್ರ ಅಹಿಂಸೆಯ ಹೆಸರಿನ ಹಿಂಸೆ.

ಒಳಮನೆಯ ಅಭ್ಯಾಸ

ಬೆಕ್ಕು ಹಗಲಿರುಳೂ ಮನೆಯೊಳಗೇ ಇರುವ ರೂಢಿ ಇತ್ತೀಚಿನದು. 1947ರಲ್ಲಿ ಅಮೆರಿಕದ ಎಡ್ವರ್ಡ್ ಲೋ ಎಂಬಾತನು ಬೆಕ್ಕಿನ ಮಲಮೂತ್ರಕ್ಕಾಗಿ ತೇವ ಹೀರುವ ಜೇಡಿಮಣ್ಣಿನ ಹರಳುಗಳನ್ನು ಮಾರಾಟಕ್ಕೆ ತಂದ ಮೇಲೆ ಅದು ಸುಲಭವಾಯಿತು. ಅದಕ್ಕೂ ಮೊದಲು ಮರಳು, ಬೂದಿ, ಮಣ್ಣುಗಳೇ ಬಳಕೆಯಲ್ಲಿದ್ದವು. ಮಲವನ್ನು ಮಣ್ಣಿನಲ್ಲಿ ಮುಚ್ಚುವುದು ಬೆಕ್ಕಿಗೆ ಹುಟ್ಟುಗುಣವಾದ್ದರಿಂದ, ಶಾಂತವಾದ ಮೂಲೆಯಲ್ಲಿ ಮರಳಿನ ತಟ್ಟೆಯನ್ನಿಟ್ಟು ನಿತ್ಯ ಶುಚಿಗೊಳಿಸಿದರೆ ಬೇಗನೆ ಕಲಿಯುತ್ತದೆ. ತಟ್ಟೆಯನ್ನು ಅನ್ನದ ಬಟ್ಟಲಿನಿಂದ ದೂರವಿಡಬೇಕು.

ಮೊದಲ ದಿನಗಳಲ್ಲಿ ಇಡೀ ಮನೆಯನ್ನು ತೆರೆದುಕೊಡದೆ ಒಂದೇ ಕೋಣೆಯಲ್ಲಿ ಇರಿಸುವುದು ಹಿತಕರ. ಅಲ್ಲಿ ಅಡಗಿಕೊಳ್ಳಲು ರಟ್ಟಿನ ಪೆಟ್ಟಿಗೆ, ಏರಿ ಕುಳಿತುಕೊಳ್ಳಲು ಎತ್ತರದ ಜಾಗ, ಉಗುರು ಮಸೆಯಲು ಗೋಣಿ ಸುತ್ತಿದ ಮರದ ತುಂಡು ಇರಬೇಕು. ಅಡಗಿದ್ದನ್ನು ಎಳೆದು ತರಬಾರದು. ನಿಗದಿತ ವೇಳೆಗೆ ಆಹಾರವನ್ನಿಟ್ಟು, ಸ್ವಲ್ಪ ದೂರದಲ್ಲಿ ಸುಮ್ಮನೆ ಕುಳಿತಿದ್ದರೆ ಸಾಕು. ಬೆಕ್ಕು ತಾನಾಗಿ ಹತ್ತಿರ ಬರುವ ದಿನ ಬರುತ್ತದೆ. ಮನುಷ್ಯರ ಸ್ಪರ್ಶಕ್ಕೆ ಮರಿಗಳು ಸುಲಭವಾಗಿ ಒಗ್ಗುವುದು ಎರಡನೆಯ ವಾರದಿಂದ ಏಳನೆಯ ವಾರದವರೆಗೆ ಎಂದು ಸಂಶೋಧನೆಗಳು ತಿಳಿಸುತ್ತವೆ. ಆ ಅವಧಿಯನ್ನು ಬೀದಿಯಲ್ಲೇ ಕಳೆದ ಬೆಕ್ಕಿಗೆ ವಾರಗಳಲ್ಲ, ತಿಂಗಳುಗಳೇ ಬೇಕಾಗಬಹುದು.

ಪಶುವೈದ್ಯರ ಬಳಿ ಹುಚ್ಚುರೋಗದ ಲಸಿಕೆಯನ್ನೂ ಇತರ ಲಸಿಕೆಗಳನ್ನೂ ಹಾಕಿಸಬೇಕು. ಐದಾರು ತಿಂಗಳಿಗೇ ಹೆಣ್ಣು ಬೆಕ್ಕು ಗರ್ಭ ಧರಿಸಬಲ್ಲದು, ಸುಮಾರು ಒಂಬತ್ತು ವಾರಗಳಲ್ಲಿ ಮರಿ ಹಾಕುತ್ತದೆ. ಆದ್ದರಿಂದ ಸಂತಾನಹರಣ ಚಿಕಿತ್ಸೆಯ ಬಗ್ಗೆ ವೈದ್ಯರೊಡನೆ ಮುಂಚಿತವಾಗಿ ಸಮಾಲೋಚಿಸುವುದು ಅಗತ್ಯ. ಈರುಳ್ಳಿ, ಬೆಳ್ಳುಳ್ಳಿಗಳು ಬೆಕ್ಕಿನ ರಕ್ತಕಣಗಳನ್ನು ನಾಶಮಾಡುತ್ತವೆ; ಕಂದಮೂಲಗಳನ್ನು ವರ್ಜಿಸಿದ ಅಡುಗೆಮನೆ ಈ ವಿಷಯದಲ್ಲಿ ತಾನಾಗಿಯೇ ಸುರಕ್ಷಿತ. ಆದರೆ ನೆಲ ಒರೆಸುವ ಫಿನೈಲು, ಬಟ್ಟೆಗಳ ನಡುವೆ ಇಡುವ ನುಸಿಗುಳಿಗೆ, ಮನುಷ್ಯರ ಜ್ವರದ ಪ್ಯಾರಾಸಿಟಮಾಲ್ ಗುಳಿಗೆ ಇವು ಅದಕ್ಕೆ ವಿಷ. ಮಹಡಿ ಮನೆಗಳ ಬಾಲ್ಕನಿಗೂ ಕಿಟಕಿಗೂ ಜಾಲರಿ ಅತ್ಯಗತ್ಯ.

ಐದು ಅತಿಚಾರಗಳ ಕನ್ನಡಿ

ಅಹಿಂಸಾಣುವ್ರತಕ್ಕೆ ಉಮಾಸ್ವಾಮಿ ಆಚಾರ್ಯರು ‘ತತ್ತ್ವಾರ್ಥಸೂತ್ರ’ದಲ್ಲಿ ಐದು ಅತಿಚಾರಗಳನ್ನು ಹೇಳಿದ್ದಾರೆ. ಜೀವಿಯನ್ನು ಕಟ್ಟಿಹಾಕುವುದು, ಹೊಡೆಯುವುದು, ಅಂಗಗಳನ್ನು ಕತ್ತರಿಸುವುದು, ಅತಿಯಾದ ಭಾರ ಹೊರಿಸುವುದು, ಅನ್ನಪಾನಗಳನ್ನು ತಡೆಯುವುದು ಇವೇ ಆ ಐದು. 1960ರ ಪ್ರಾಣಿಹಿಂಸಾ ಪ್ರತಿಬಂಧಕ ಕಾಯಿದೆಯ 11ನೆಯ ಪ್ರಕರಣವು ಶಿಕ್ಷಾರ್ಹವೆಂದು ಹೇಳುವ ಹೊಡೆತ, ಅತಿಭಾರ, ಗಿಡ್ಡ ಸರಪಳಿ, ಅಂಗಚ್ಛೇದ, ಆಹಾರ ನೀರು ಆಸರೆಗಳ ನಿರಾಕರಣೆ ಇವು ಬಹುಮಟ್ಟಿಗೆ ಅವೇ ದೋಷಗಳು. ಸಾಕಿದ ಪ್ರಾಣಿಯನ್ನು ಹಸಿವು ಬಾಯಾರಿಕೆಗಳಿಂದ ನರಳುವಂತೆ ಕಾರಣವಿಲ್ಲದೆ ಬಿಟ್ಟುಬಿಡುವುದನ್ನೂ ಆ ಕಾಯಿದೆ ಅಪರಾಧವೆಂದು ಪರಿಗಣಿಸಿದೆ. ಊರು ಬದಲಿಸುವಾಗ ಬೆಕ್ಕನ್ನು ಚೀಲದಲ್ಲಿ ತುಂಬಿ ಮಾರುಕಟ್ಟೆಯ ಬಳಿಯೋ ದೇವಸ್ಥಾನದ ಆವರಣದಲ್ಲಿಯೋ ಬಿಟ್ಟುಬರುವವರು ಇದನ್ನು ಅರಿಯಬೇಕು.

ಒಳಮನೆಯ ವಾಸವು ಬಂಧವೆಂಬ ಅತಿಚಾರವಾಗದಿರಲು ಅಳತೆಗೋಲು ಸರಳವಾದದ್ದು. ತಿಂಗಳುಗಳ ತಾಳ್ಮೆಯ ನಂತರವೂ ಬೆಕ್ಕು ಉಣ್ಣದೆ, ಮೂಲೆಯಿಂದ ಹೊರಬರದೆ, ಗೋಡೆಯನ್ನು ಪರಚುತ್ತಿದ್ದರೆ ಆ ಮನೆ ಅದಕ್ಕೆ ಸೆರೆಮನೆಯಾಗಿದೆ. ಅಂಥ ಜೀವಕ್ಕೆ ಲಸಿಕೆ, ಚಿಕಿತ್ಸೆಗಳನ್ನು ಮಾಡಿಸಿ, ಅದು ಹುಟ್ಟಿ ಬೆಳೆದ ಬೀದಿಯಲ್ಲೇ ನಿತ್ಯ ಆಹಾರದ ವ್ಯವಸ್ಥೆಯೊಡನೆ ಬಿಡುವುದು ಹೆಚ್ಚಿನ ದಯೆ. ಬಸದಿಗಳ ಆಡಳಿತ ಮಂಡಳಿಗಳು ಜೀವದಯಾ ನಿಧಿಯ ಒಂದು ಅಂಶವನ್ನು ಇಂಥ ಚಿಕಿತ್ಸೆಗಾಗಿ ಮೀಸಲಿಟ್ಟರೆ ಪ್ರತ್ಯೇಕ ಕುಟುಂಬಗಳ ಭಾರ ಹಗುರವಾದೀತು. ಬೆಕ್ಕಿನ ಸ್ವಭಾವವನ್ನು ಬದಲಿಸುವುದು ಮನುಷ್ಯನಿಗೆ ಸಾಧ್ಯವಿಲ್ಲ. ಅದರ ಕೈಯಲ್ಲಿ ಆಗುವ ಹಿಂಸೆಯನ್ನೂ ಅದಕ್ಕೆ ಆಗುವ ಹಿಂಸೆಯನ್ನೂ ಕಡಿಮೆಮಾಡುವುದು ಸಾಧ್ಯ. ಶ್ರಾವಕನ ಯತ್ನಾಚಾರಕ್ಕೆ ಅಷ್ಟು ಎಡೆ ಸಾಕು.