‘ಘಟಶ್ರಾದ್ಧ’: ಕಥೆಯ ಕರುಣೆ, ಚಿತ್ರದ ಕರುಣೆ

ತೀರ್ಥಹಳ್ಳಿಯನ್ನು ಹಾದುಬರುವ ತುಂಗೆಯು ಹೊಳೆಹೊನ್ನೂರಿನ ಸಮೀಪದ ಕೂಡಲಿಯಲ್ಲಿ ಭದ್ರೆಯನ್ನು ಸೇರುತ್ತಾಳೆ. ಈ ತುಂಗೆಯ ಸೀಮೆಯು ಕನ್ನಡಕ್ಕೆ ಅಪೂರ್ವವಾದ ಒಂದು ಕಥೆಯನ್ನೂ, ಅದರಿಂದ ಮೂಡಿದ ಅಷ್ಟೇ ಅಪೂರ್ವವಾದ ಚಲನಚಿತ್ರವನ್ನೂ ನೀಡಿದೆ. ತೀರ್ಥಹಳ್ಳಿ ತಾಲ್ಲೂಕಿನ ಮೇಳಿಗೆಯಲ್ಲಿ 1932ರಲ್ಲಿ ಜನಿಸಿದ ಯು.ಆರ್. ಅನಂತಮೂರ್ತಿಯವರ ‘ಘಟಶ್ರಾದ್ಧ’ ಎಂಬ ನೀಳ್ಗತೆಯು 1963ರ ‘ಪ್ರಶ್ನೆ’ ಸಂಕಲನದಲ್ಲಿ ಪ್ರಕಟವಾಯಿತು. ಅದೇ ತಾಲ್ಲೂಕಿನ ಕೆಸಲೂರಿನವರಾದ ಗಿರೀಶ ಕಾಸರವಳ್ಳಿಯವರು 1977ರಲ್ಲಿ ಅದನ್ನು ತೆರೆಗೆ ತಂದರು. ಅವರ ಈ ಪ್ರಥಮ ಕಥಾಚಿತ್ರವು ಆ ವರ್ಷದ ಅತ್ಯುತ್ತಮ ಚಿತ್ರವೆಂದು ಸ್ವರ್ಣಕಮಲ ಪ್ರಶಸ್ತಿಗೆ ಪಾತ್ರವಾಯಿತು.

ಕಥೆಯ ವಸ್ತು ಹೀಗಿದೆ. ಅಗ್ರಹಾರದ ಉಡುಪರ ವೇದಪಾಠಶಾಲೆಗೆ ನಾಣಿಯೆಂಬ ಬಾಲಕನು ಕಲಿಯಲು ಬರುತ್ತಾನೆ. ತಾಯಿಯಿಂದ ಅಗಲಿದ ಅವನಿಗೆ ಉಡುಪರ ವಿಧವೆ ಮಗಳು ಯಮುನಕ್ಕನೇ ಆಸರೆ. ಆಕೆ ಗರ್ಭವತಿಯೆಂಬುದು ಬಯಲಾದಾಗ ಊರು ಆಕೆಯನ್ನು ಹೊರದೂಡುತ್ತದೆ. ಹೆತ್ತ ತಂದೆಯೇ ಘಟಶ್ರಾದ್ಧವನ್ನು ನೆರವೇರಿಸುತ್ತಾನೆ. ಬದುಕಿರುವವರನ್ನು ಸತ್ತವರೆಂದೆಣಿಸಿ, ಘಟವನ್ನೊಡೆದು, ಕುಲದಿಂದ ಹೊರಗಿಡುವ ವಿಧಿಯಿದು. ವಿಧವಾ ವಿವಾಹವನ್ನು ಮಾನ್ಯಮಾಡಿದ ಶಾಸನವು 1856ರಲ್ಲಿಯೇ ಬಂದಿತ್ತು. ಆದರೆ ರೂಢಿಯ ಬಾಗಿಲು ಶಾಸನಕ್ಕೆ ಸುಲಭವಾಗಿ ತೆರೆಯಲಿಲ್ಲ.

ಕಥೆಯಲ್ಲಿ ನಾವು ಎಲ್ಲವನ್ನೂ ಅರಿಯುವುದು ನಾಣಿಯ ಮನಸ್ಸಿನ ಮೂಲಕ. ಅವನಿಗೆ ಪಾಪವೆಂದರೇನೆಂದು ತಿಳಿಯದು. ಯಮುನಕ್ಕ ದುಃಖದಲ್ಲಿದ್ದಾಳೆಂಬುದಷ್ಟೇ ತಿಳಿದಿದೆ. ಓದುಗನು ಆ ಅರೆಬರೆ ತಿಳಿವಿನೊಳಗೇ ಇರಬೇಕಾದುದರಿಂದ, ತೀರ್ಪು ನೀಡುವುದಕ್ಕೆ ಮೊದಲೇ ಪ್ರೀತಿಸಲು ಕಲಿಯುತ್ತಾನೆ. ಕಥೆಯ ಕರುಣೆ ಒಳಗಿನಿಂದ ಹುಟ್ಟುವಂಥದು.

ಚಲನಚಿತ್ರಕ್ಕೆ ಮನಸ್ಸಿನೊಳಕ್ಕೆ ಹೀಗೆ ನೇರವಾದ ದಾರಿಯಿಲ್ಲ. ಆದುದರಿಂದ ಕಾಸರವಳ್ಳಿಯವರು ಹುಡುಗನ ನೋಟವನ್ನೇ ನೆಚ್ಚಿದರು. ಎಸ್. ರಾಮಚಂದ್ರ ಅವರ ಕಪ್ಪು ಬಿಳುಪಿನ ಛಾಯಾಗ್ರಹಣವು ಮಾತಿಗಿಂತ ಹೆಚ್ಚಾಗಿ ಮುಖಗಳನ್ನೂ ಮೌನವನ್ನೂ ಅವಲಂಬಿಸುತ್ತದೆ. ನಾಣಿಯ ಪಾತ್ರವಹಿಸಿದ ಅಜಿತ್ ಕುಮಾರನಿಗೆ ರಾಷ್ಟ್ರಮಟ್ಟದ ಬಾಲನಟ ಪ್ರಶಸ್ತಿ ದೊರೆತುದು ಸಹಜವೇ. ಕೊನೆಯಲ್ಲಿ ತಲೆ ಬೋಳಿಸಲ್ಪಟ್ಟ ಯಮುನೆ ಮರದಡಿ ಒಬ್ಬಳೇ ಕುಳಿತಿರುತ್ತಾಳೆ. ತಂದೆಯೊಡನೆ ಊರು ಬಿಡುವ ನಾಣಿ ಅವಳನ್ನು ಕಾಣುತ್ತಾನೆ. ಇತ್ತ ವೃದ್ಧರಾದ ಉಡುಪರು ಎಳೆಯ ಹುಡುಗಿಯೊಬ್ಬಳನ್ನು ವರಿಸಲು ಸಿದ್ಧರಾಗಿದ್ದಾರೆ. ಮಗಳಿಗೊಂದು ನ್ಯಾಯ, ತಂದೆಗೊಂದು ನ್ಯಾಯ! ಚಿತ್ರವು ಇದನ್ನು ತೋರಿಸುತ್ತದೆ, ವ್ಯಾಖ್ಯಾನಿಸುವುದಿಲ್ಲ.

ಎರಡರ ಅಂತರ ಇಲ್ಲಿಯೇ ಇದೆ. ಓದುವಾಗ ನಾವು ನಾಣಿಯೇ ಆಗುತ್ತೇವೆ, ನಮ್ಮ ಮನಸ್ಸು ನಿರ್ದೋಷಿಯೆಂದು ಸಮಾಧಾನಪಡುತ್ತೇವೆ. ನೋಡುವಾಗ ನಾವು ನಾಣಿಯ ಪಕ್ಕದಲ್ಲಿ ನಿಲ್ಲುತ್ತೇವೆ. ಸುಮ್ಮನೆ ನೋಡುತ್ತ ನಿಂತ ಊರವರ ಸಾಲಿನಲ್ಲಿಯೂ ನಿಲ್ಲುತ್ತೇವೆ. ಕಥೆಯು ಕರಗಿಸುತ್ತದೆ, ಚಿತ್ರವು ಪ್ರಶ್ನಿಸುತ್ತದೆ. ಇವುಗಳಲ್ಲಿ ಯಾವುದು ಹಿರಿದೆಂದು ಕೇಳುವುದಕ್ಕಿಂತ, ಎರಡನ್ನೂ ಕೂಡಿಸಿಕೊಂಡು ನೋಡುವುದು ಲೇಸು. ಕರಗದ ಮನಸ್ಸಿಗೆ ಪ್ರಶ್ನೆ ತಟ್ಟದು. ಪ್ರಶ್ನಿಸಿಕೊಳ್ಳದ ಕರುಣೆ ಕಣ್ಣೀರಿನಲ್ಲಿಯೇ ಮುಗಿದುಹೋದೀತು.

ಪುನರುಜ್ಜೀವನಗೊಳಿಸಿದ ಈ ಚಿತ್ರವು 2024ರಲ್ಲಿ ವೆನಿಸ್ ಚಲನಚಿತ್ರೋತ್ಸವದಲ್ಲಿ ಮತ್ತೆ ಪ್ರದರ್ಶಿತವಾಯಿತು. ಘಟವನ್ನೊಡೆಯುವ ವಿಧಿಯನ್ನು ಇಂದು ಬಹುಮಂದಿ ಕಂಡಿರಲಾರರು. ಆದರೆ ಮದುವೆಗೆ ಕರೆಯದಿರುವುದು, ಪಂಕ್ತಿಯಲ್ಲಿ ಕೂರಿಸದಿರುವುದು, ಎದುರಾದಾಗ ಮುಖ ತಿರುಗಿಸುವುದು, ಇವೂ ಬದುಕಿರುವವರ ಶ್ರಾದ್ಧಗಳೇ. ಒಂದು ಮನೆಯ ವಿಷಯ ಸಮಾಜದ ಹಿರಿಯರ ಮುಂದೆ ಬಂದಾಗ, ಶಾಸ್ತ್ರ ಬಲ್ಲವರ ನಡುವೆ ನಾಣಿಯ ಕಣ್ಣಿನಿಂದ ನೋಡುವವರೂ ಒಬ್ಬರಿರಬೇಕು. ಅಷ್ಟು ಮಾತ್ರವಲ್ಲ, ಆ ಬಾಲಕನಿಗಿಲ್ಲದ ಶಕ್ತಿ ಹಿರಿಯರಿಗಿದೆ: ಅವನು ನೋಡಿ ಅಗಲಬೇಕಾಯಿತು, ಅವರು ಕೈಹಿಡಿದು ಮನೆಗೆ ಕರೆತರಬಲ್ಲರು.