ಕಾಲುವೆಯ ಸಂಶೋಧಕ, ಬಂಡಾಯದ ಕರ್ನಲ್: ಜಾನ್ ಗರಾಂಗ್ ಅವರ ರಾಜಕಾರಣದ ಮೂಲ

ಸುಡಾನಿನ ಬಂಡಾಯ ನಾಯಕ ಜಾನ್ ಗರಾಂಗ್ (1945–2005) ಅವರ ಚರಿತ್ರೆಯನ್ನು 1983ರ ಬೋರ್ ದಂಗೆಯಿಂದ ಆರಂಭಿಸುವುದು ವಾಡಿಕೆ. ಅದಕ್ಕೆ ಎರಡು ವರ್ಷ ಮೊದಲು ಅಮೆರಿಕದ ಅಯೋವಾ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಅವರು ಪಡೆದ ಪಿಎಚ್.ಡಿ.ಯಿಂದ ಆರಂಭಿಸಿದರೆ ಅವರ ರಾಜಕಾರಣದ ಬೇರು ಕಾಣುತ್ತದೆ ಎಂಬುದು ನನ್ನ ವಾದ. ಆಗ ಅವರು ಸುಡಾನ್ ಸೇನೆಯ ಅಧಿಕಾರಿ; ಸಂಶೋಧನೆಯ ವಿಷಯ ಜೊಂಗ್ಲಿ ಯೋಜನಾ ಪ್ರದೇಶದ ಗ್ರಾಮೀಣ ಅಭಿವೃದ್ಧಿ.

ಬಿಳಿ ನೈಲ್ ನದಿ ದಕ್ಷಿಣ ಸುಡಾನಿನ ಸಡ್ ಜೌಗುಭೂಮಿಯಲ್ಲಿ ಹರಡಿ ಅರ್ಧದಷ್ಟು ನೀರನ್ನು ಕಳೆದುಕೊಳ್ಳುತ್ತದೆ. ಆ ನೀರನ್ನು ಉಳಿಸಿ ಉತ್ತರ ಸುಡಾನಿಗೂ ಈಜಿಪ್ಟಿಗೂ ಒಯ್ಯಲು 360 ಕಿ.ಮೀ. ಉದ್ದದ ಜೊಂಗ್ಲಿ ಕಾಲುವೆಯ ಅಗೆತ 1978ರಲ್ಲಿ ಶುರುವಾಯಿತು. ಆದರೆ ನೆರೆ ಇಳಿದ ಮೇಲೆ ಚಿಗುರುವ ಹುಲ್ಲೇ ದಿಂಕಾ, ನುಯೆರ್ ದನಗಾಹಿಗಳಿಗೆ ಬೇಸಿಗೆಯ ಆಸರೆ. ನೀರು ಉತ್ತರಕ್ಕೆ, ನಷ್ಟ ದಕ್ಷಿಣಕ್ಕೆ ಎಂಬ ಆತಂಕ 1974ರಲ್ಲೇ ದಕ್ಷಿಣದ ಜುಬಾ ನಗರದಲ್ಲಿ ಗಲಭೆ ಎಬ್ಬಿಸಿತ್ತು. ಸ್ವತಃ ದಿಂಕಾ ಆಗಿದ್ದ ಗರಾಂಗ್ ಎತ್ತಿದ ಪ್ರಶ್ನೆ ಅಲ್ಲಿನ ಜನರ ಪಾಲಿಗೆ ಬರುವ ಅಭಿವೃದ್ಧಿಯದು.

ಅವರ ಸೈನಿಕ ಜೀವನ ಆರಂಭವಾದದ್ದೂ ಬಂಡಾಯದಲ್ಲೇ. ದಕ್ಷಿಣದ ಅನ್ಯಾ-ನ್ಯಾ ಪಡೆ ಸೇರಿದ್ದ ಅವರು ದಕ್ಷಿಣಕ್ಕೆ ಸ್ವಾಯತ್ತತೆ ಕೊಟ್ಟ 1972ರ ಅಡಿಸ್ ಅಬಾಬಾ ಒಪ್ಪಂದದ ನಂತರ ರಾಷ್ಟ್ರೀಯ ಸೇನೆಗೆ ಬಂದರು, ಕರ್ನಲ್ ಹುದ್ದೆಗೇರಿದರು. ಅಧ್ಯಕ್ಷ ನಿಮೇರಿ ಆ ಒಪ್ಪಂದದ ಅಂಶಗಳನ್ನು ಒಂದೊಂದಾಗಿ ಮುರಿಯುತ್ತ ಬಂದರು. 1983ರ ಮೇ 16ರಂದು, ದಂಗೆ ಎದ್ದಿದ್ದ ಬೋರ್‌ನ 105ನೇ ಬೆಟಾಲಿಯನ್ ಮೇಲೆ ಸರ್ಕಾರಿ ಪಡೆ ದಾಳಿ ಮಾಡಿತು. ಆಗ ಗರಾಂಗ್ ಬೋರ್‌ನಲ್ಲೇ ಇದ್ದರು. ದಂಗೆಕೋರರು ಇಥಿಯೋಪಿಯಾಕ್ಕೆ ದಾಟಿದರು. ಅಲ್ಲಿ ಕಟ್ಟಿದ ಸುಡಾನ್ ಜನವಿಮೋಚನಾ ಸೇನೆಗೆ ಗರಾಂಗ್ ನಾಯಕರಾದರು. 1984ರಲ್ಲಿ ಅದೇ ಸೇನೆಯ ದಾಳಿಯಿಂದ, ಸುಮಾರು 260 ಕಿ.ಮೀ. ಅಗೆದಿದ್ದ ಜೊಂಗ್ಲಿ ಕಾಲುವೆಯ ಕೆಲಸ ನಿಂತಿತು. ಪ್ರಬಂಧದಲ್ಲಿ ಪರಿಶೀಲಿಸಿದ ಯೋಜನೆಯನ್ನು ಬಂದೂಕಿನಿಂದ ನಿಲ್ಲಿಸಿದ ಉದಾಹರಣೆ ಆಫ್ರಿಕಾದ ಇತಿಹಾಸದಲ್ಲಿ ಅಪರೂಪ.

ಸಮಸ್ಯೆ ದಕ್ಷಿಣದ್ದಲ್ಲ, ಇಡೀ ಸುಡಾನಿನದು. ಅಂಚಿನ ಜನರೆಲ್ಲ ಸೇರಿ ಖಾರ್ಟೂಮಿನ ಅಧಿಕಾರದ ಸ್ವರೂಪವನ್ನೇ ಬದಲಿಸಬೇಕು. ಇದು ಅವರ 'ಹೊಸ ಸುಡಾನ್' ಸಿದ್ಧಾಂತ. ನನ್ನ ದೃಷ್ಟಿಯಲ್ಲಿ ಆ ಕಾಲದ ಸುಡಾನಿನ ಅತ್ಯಂತ ದೂರದರ್ಶಿ ರಾಜಕೀಯ ಚಿಂತನೆ ಅದೇ. ಆದರೆ ಸಂಘಟನೆಯೊಳಗೆ ಅವರು ಭಿನ್ನಮತವನ್ನು ಸಹಿಸಲಿಲ್ಲ. ಬೋರ್ ದಂಗೆಯ ಮುಂದಾಳು ಕೆರುಬಿನೊ ಕುವಾನ್ಯಿನ್ ಅವರೇ ಮುಂದೆ ಗರಾಂಗರ ಸೆರೆಯಾಳಾದರು. 1991ರಲ್ಲಿ ಅವರ ಆಶ್ರಯದಾತ, ಇಥಿಯೋಪಿಯಾದ ಆಡಳಿತಗಾರ ಮೆಂಗಿಸ್ತು ಪದಚ್ಯುತರಾದರು. ಅದೇ ವರ್ಷ ಸಂಘಟನೆಯೊಳಗಿನ ರೀಕ್ ಮಚಾರ್ ಬಣ ಸಿಡಿದು ಹೋಯಿತು. ನವೆಂಬರಿನಲ್ಲಿ ಬೋರ್ ಸುತ್ತಮುತ್ತ ಆ ಬಣದವರ ದಾಳಿಗೆ ದಿಂಕಾ ನಾಗರಿಕರು ದೊಡ್ಡ ಸಂಖ್ಯೆಯಲ್ಲಿ ಬಲಿಯಾದರು.

2005ರ ಜನವರಿ 9ರಂದು ನೈರೋಬಿಯಲ್ಲಿ ಸರ್ಕಾರ ಮತ್ತು ಗರಾಂಗರ ಸಂಘಟನೆಯ ನಡುವಿನ ಶಾಂತಿ ಒಪ್ಪಂದಕ್ಕೆ ಸಹಿ ಬಿತ್ತು. ಜುಲೈ 9ರಂದು ಗರಾಂಗ್ ಖಾರ್ಟೂಮಿನಲ್ಲಿ ಮೊದಲ ಉಪಾಧ್ಯಕ್ಷರಾದರು. ಮೂರು ವಾರಗಳಲ್ಲಿ, ಉಗಾಂಡದಿಂದ ಹಿಂದಿರುಗುವಾಗ, ಹೆಲಿಕಾಪ್ಟರ್ ಅಪಘಾತದಲ್ಲಿ ತೀರಿಕೊಂಡರು. ಏಕೀಕೃತ ಸುಡಾನಿನ ಮಾತನ್ನು ಅಷ್ಟೇ ಬಲವಾಗಿ ಮುಂದುವರಿಸಬಲ್ಲ ನಾಯಕತ್ವವನ್ನು ಅವರ ಸೇನೆ ಬೆಳೆಸಿರಲಿಲ್ಲ. 2011ರ ಜನಮತಗಣನೆಯಲ್ಲಿ ದಕ್ಷಿಣದ ಶೇ. 98ಕ್ಕೂ ಹೆಚ್ಚು ಮತದಾರರು ಪ್ರತ್ಯೇಕತೆಯನ್ನು ಆರಿಸಿಕೊಂಡರು.