ಫ್ಲಾಪಿ ಡಿಸ್ಕುಗಳಲ್ಲಿಯ ಲೇಖನಕ್ರಮಭೇದಗಳು

ಓಲೆಗರಿಯು ಒಂದೇ ಬಗೆಯದಾದರೂ, ಅದರ ಮೇಲಣ ಲಿಪಿಯು ಗ್ರಂಥವೋ ತಿಗಳಾರಿಯೋ ನಂದಿನಾಗರಿಯೋ ಎಂಬುದನ್ನು ಅರಿಯದೆ ಪಾಠವನ್ನು ನಿರ್ಣಯಿಸಲಾಗದೆಂಬುದು ಗ್ರಂಥಸಂಪಾದಕರಿಗೆ ವಿದಿತವಾದ ವಿಷಯ. ಇಪ್ಪತ್ತನೆಯ ಶತಮಾನದ ಕಡೆಯ ದಶಕಗಳಲ್ಲಿ ಕಂಪ್ಯೂಟರಿನ ಬರೆಹಗಳಿಗೆ ಆಧಾರವಾಗಿದ್ದ ಫ್ಲಾಪಿ ಡಿಸ್ಕಿನ ವಿಷಯವೂ ಅಂತಹುದೇ. ಅಳತೆಯಲ್ಲಿ ಸಮಾನವಾದ ಡಿಸ್ಕುಗಳಿದ್ದರೂ ಒಂದು ಯಂತ್ರದ ಬರೆಹವನ್ನು ಮತ್ತೊಂದು ಯಂತ್ರವು ಓದಲಾರದೆ ಹೋದುದಕ್ಕೆ ಕಾರಣವು ಲೇಖನಕ್ರಮದಲ್ಲಿರುವುದು.

ಡಿಸ್ಕಿನ ಮೇಲೆ ಅಕ್ಷರಗಳಿರುವುದಿಲ್ಲ. ಕಾಂತಲೇಪದಲ್ಲಿ ಕಾಂತದಿಕ್ಕಿನ ಪಲ್ಲಟಗಳು ಮಾತ್ರ ಇರುವುವು. ನಿಯತಕಾಲದೊಳಗೆ ಪಲ್ಲಟವು ಬಂದರೆ ಒಂದು, ಬಾರದಿದ್ದರೆ ಸೊನ್ನೆ. ಸೊನ್ನೆಗಳು ಸಾಲಾಗಿ ಬಂದಲ್ಲಿ ಯಂತ್ರಕ್ಕೆ ಕಾಲದ ಲೆಕ್ಕವು ತಪ್ಪುವುದು. ಈ ದೋಷದ ಪರಿಹಾರಕ್ಕಾಗಿ ಹೂಡಿದ ಉಪಾಯಗಳೇ ಕ್ರಮಭೇದಗಳಿಗೆ ಮುಖ್ಯ ಮೂಲ.

1973ರಲ್ಲಿ ಐಬಿಎಂ ಸಂಸ್ಥೆಯು ಬಳಕೆಗೆ ತಂದ 8 ಅಂಗುಲದ ಡಿಸ್ಕಿನಲ್ಲಿ 77 ಜಾಡುಗಳೂ, ಜಾಡಿಗೆ 26 ಖಂಡಗಳೂ, ಖಂಡಕ್ಕೆ 128 ಬೈಟುಗಳೂ ಇದ್ದುವು. ಎಫ್‌ಎಂ ಎಂಬ ಈ ಕ್ರಮದಲ್ಲಿ ಪ್ರತಿಯೊಂದು ಅಂಕಿಯೊಡನೆಯೂ ಕಾಲಸೂಚಕವಾದ ಪಲ್ಲಟವೊಂದಿರುವುದರಿಂದ ಸ್ಥಳದ ಅರ್ಧವು ಅದಕ್ಕೇ ವ್ಯಯವಾಗುತ್ತಿದ್ದಿತು. ಅನಂತರದ ಎಂಎಫ್‌ಎಂ ಕ್ರಮದಲ್ಲಿ ಎರಡು ಸೊನ್ನೆಗಳ ನಡುವೆ ಮಾತ್ರ ಕಾಲಸೂಚಕವನ್ನಿಟ್ಟು, ಅಷ್ಟೇ ಸ್ಥಳದಲ್ಲಿ ಇಮ್ಮಡಿ ಬರೆಹವನ್ನು ಅಡಕಮಾಡಿದರು. 1981ರ ಐಬಿಎಂ ಪಿಸಿಯು ಅನುಸರಿಸಿದುದು ಇದನ್ನೇ.

1978ರಲ್ಲಿ ಆಪಲ್ ಸಂಸ್ಥೆಯ ಡಿಸ್ಕ್ ಟು ಯಂತ್ರಕ್ಕಾಗಿ ಸ್ಟೀವ್ ವೋಜ್ನಿಯಾಕನು ಬೇರೊಂದು ಮಾರ್ಗವನ್ನು ಹಿಡಿದನು. ಸೊನ್ನೆಗಳು ಒತ್ತಾಗಿ ಬಾರದ ಅಂಕಿಗುಂಪುಗಳನ್ನು ಮಾತ್ರ ಆಯ್ದು ಬಳಸುವ ಈ ಕ್ರಮಕ್ಕೆ ಜಿಸಿಆರ್ ಎಂದು ಹೆಸರು. ಮೊದಲಲ್ಲಿ ಜಾಡಿಗೆ 13 ಖಂಡಗಳಿದ್ದುವು. 1980ರಲ್ಲಿ ಒಂದೆಡೆ ಎರಡು ಸೊನ್ನೆಗಳು ಜೊತೆಯಾಗಿ ಬರಬಹುದೆಂದು ನಿಯಮವನ್ನು ಸಡಿಲಿಸಲಾಗಿ, ಖಂಡಗಳು 16 ಆದುವು. ಒಟ್ಟು ಪರಿಮಾಣವು 1,16,480 ಬೈಟುಗಳಿಂದ 1,43,360ಕ್ಕೆ ಏರಿತು. ಡಿಸ್ಕಾಗಲಿ ಓದುವ ಯಂತ್ರವಾಗಲಿ ಬದಲಾಗಲಿಲ್ಲ. ನಿಯಂತ್ರಕ ಫಲಕದ ಚಿಪ್ಪುಗಳನ್ನೂ ಕಾರ್ಯಕ್ರಮವನ್ನೂ ಮಾತ್ರ ಬದಲಾಯಿಸಿದರು.

ಹೊರಜಾಡು ಒಳಜಾಡಿಗಿಂತ ಉದ್ದವಾದುದೆಂಬ ಅಂಶವೂ ಭೇದಕ್ಕೆ ಎಡೆಗೊಟ್ಟಿತು. 1982ರ ಕೊಮೊಡೋರ್ 1541 ಯಂತ್ರವು ತಿರುಗುವ ವೇಗವನ್ನು ಬದಲಿಸದೆ ಬರೆಯುವ ವೇಗವನ್ನು ಬದಲಿಸಿ, ಹೊರಜಾಡುಗಳಲ್ಲಿ 21, ಒಳಜಾಡುಗಳಲ್ಲಿ 17 ಖಂಡಗಳನ್ನಿಟ್ಟಿತು. 1984ರ ಮ್ಯಾಕಿಂಟಾಷು ಇದಕ್ಕೆ ಪ್ರತಿಯಾಗಿ ತಿರುಗುವ ವೇಗವನ್ನೇ ಬದಲಿಸಿ, 12ರಿಂದ 8 ಖಂಡಗಳವರೆಗೆ ಹಂಚಿತು. ಪಿಸಿಯ ನಿಯಂತ್ರಕಕ್ಕೆ ಇವೆರಡೂ ಅಪರಿಚಿತವಾದ ಲಿಪಿಗಳು.

ಈ ವಿಚಾರವು ಕೇವಲ ಯಂತ್ರಶಾಸ್ತ್ರದ್ದಲ್ಲ. ಚಿತ್ರಕಾರ ಆಂಡಿ ವಾರ್ಹಾಲನು 1985ರಲ್ಲಿ ಅಮಿಗಾ ಕಂಪ್ಯೂಟರಿನಲ್ಲಿ ರಚಿಸಿದ ಚಿತ್ರಗಳು ಪಿಟ್ಸ್‌ಬರ್ಗಿನಲ್ಲಿ ಆತನ ಹೆಸರಿನ ವಸ್ತುಸಂಗ್ರಹಾಲಯದ ಡಿಸ್ಕುಗಳಲ್ಲಿ ಉಳಿದಿದ್ದುವು. ಅಮಿಗಾ ಎಂಎಫ್‌ಎಂ ಕ್ರಮವನ್ನೇ ಬಳಸಿದ್ದರೂ, ಜಾಡಿನ 11 ಖಂಡಗಳನ್ನು ನಡುವೆ ತೆರಪಿಲ್ಲದೆ ಬರೆಯುತ್ತಿದ್ದುದರಿಂದ ಪಿಸಿಗೆ ಅದು ಓದಲಾಗದು. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಕಂಪ್ಯೂಟರ್ ಕ್ಲಬ್ಬಿನವರು ಕಾಂತಪಲ್ಲಟಗಳನ್ನೇ ಅವುಗಳ ಕಾಲಾಂತರದೊಡನೆ ದಾಖಲಿಸಿ, ಅರ್ಥವನ್ನು ಅನಂತರ ಬಿಡಿಸಿದರು. ಚಿತ್ರಗಳು 2014ರಲ್ಲಿ ಬೆಳಕಿಗೆ ಬಂದುವು.

ಕಾಂತಲೇಪವು ಕಾಲಕ್ರಮದಲ್ಲಿ ಶಿಥಿಲವಾಗತಕ್ಕದ್ದು. ಆದಕಾರಣ ಗ್ರಂಥಸಂಪಾದನೆಯಲ್ಲಿರುವಂತೆ ಇಲ್ಲಿಯೂ ಯಥಾಪ್ರತಿಯನ್ನು ಮೊದಲು ತೆಗೆದಿಟ್ಟು, ಪಾಠನಿರ್ಣಯವನ್ನು ಆಮೇಲೆ ಮಾಡುವುದೇ ಸರಿಯಾದ ಕ್ರಮ. ಡಿಸ್ಕನ್ನು ಮಾತ್ರ ಕಾಪಾಡಿ, ಅದನ್ನು ಬರೆದ ಕ್ರಮದ ಅರಿವನ್ನು ಕಳೆದುಕೊಂಡಲ್ಲಿ, ಉಳಿಯುವುದು ಓದುವವರಿಲ್ಲದ ಶಾಸನವೊಂದೇ.